ಸುಂಕ ಕೊಟ್ಟವರಿಗೆ ರಸ್ತೆ ಸಿಕ್ಕಿದ್ದು ಯಾವಾಗ? ಜಾವಗಲ್ ದಾರಿಯ ಹಳೇ ಲೆಕ್ಕ

2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು ಎರಡು ರೂಪಾಯಿ ಹೆಚ್ಚಾಯಿತು. ಅದರ ಹಿಂದಿನ ವರ್ಷ, 2024ರ ಜೂನ್ 15ರಂದು, ಪೆಟ್ರೋಲ್ ತೆರಿಗೆ ಶೇ 25.92ರಿಂದ 29.84ಕ್ಕೂ ಡೀಸೆಲ್ ತೆರಿಗೆ ಶೇ 14.34ರಿಂದ 18.44ಕ್ಕೂ ಹೋಗಿತ್ತು. ಆಗ ಲೀಟರಿಗೆ ಮೂರು ರೂಪಾಯಿಯಷ್ಟು ಬಿತ್ತು. ಎರಡು ಸಲವೂ ಟೀ ಅಂಗಡಿಗಳಲ್ಲಿ ಬೈಗುಳಕ್ಕೆ ಬರ ಇರಲಿಲ್ಲ. ಬೈದವರಲ್ಲಿ ತಪ್ಪೂ ಇಲ್ಲ.

ನಾವು ಇಲ್ಲಿ ಹೇಳುವ ಮಾತು ಸ್ವಲ್ಪ ಉಲ್ಟಾ ಅನ್ನಿಸಬಹುದು. ಇನ್ನೂ ಐವತ್ತು ಪೈಸೆ ಹೆಚ್ಚು ಕೊಡೋಣ ಅನ್ನುತ್ತೇವೆ. ಆದರೆ ಆ ಐವತ್ತು ಪೈಸೆ ವಿಧಾನಸೌಧದ ದೊಡ್ಡ ಹಗೇವಿಗೆ ಬೀಳಬಾರದು. ಇಲ್ಲಿ ಕೊಟ್ಟಿದ್ದು ಇಲ್ಲೇ ಉಳಿದು, ಇಂಥ ರಸ್ತೆಗೆ, ಇಂಥ ಬಸ್ಸಿಗೆ ಎಂದು ಹೆಸರು ಹಿಡಿದು ಖರ್ಚಾಗಬೇಕು. ಜಾವಗಲ್, ಬಾಣಾವರ, ಹಳೇಬೀಡು, ಬೇಲೂರು, ಅರಸೀಕೆರೆ ಇವಿಷ್ಟೂ ಒಂದೇ ದಾರಿಯ ಊರುಗಳು. ಈ ದಾರಿಯಲ್ಲಿ ಎಂಟುನೂರು ವರ್ಷದಿಂದ ಸುಂಕ ಎತ್ತಿದ್ದಾರೆ. ಆ ಸುಂಕ ಯಾವಾಗ ರಸ್ತೆಯಾಯಿತು, ಯಾವಾಗ ಆಗಲಿಲ್ಲ ಅನ್ನುವುದನ್ನು ಒಂದಷ್ಟು ಹಿಂದಕ್ಕೆ ಹೋಗಿ ನೋಡಿದರೆ ನಮ್ಮ ಮಾತು ಅಷ್ಟೇನೂ ಉಲ್ಟಾ ಅನ್ನಿಸಲಿಕ್ಕಿಲ್ಲ.

ಹೊಯ್ಸಳರ ಕಾಲದಿಂದ ಶುರು ಮಾಡೋಣ. ಬೇರೆ ಕಡೆಯವರಿಗೆ ಹೊಯ್ಸಳರು ಅಂದರೆ ಶಿಲ್ಪ. ನಮಗೆ ಅದರ ಜೊತೆಗೆ ಶಾಸನವೂ ಇದೆ, ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ದೇವಸ್ಥಾನದ ಗೋಡೆ ಪಕ್ಕದಲ್ಲಿ. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ನಡುವಿನದು. ಮಲ್ಲಿತಮ್ಮ ಎಂಬ ಶಿಲ್ಪಿ ಕೆಲಸ ಮಾಡಿ ಹೆಸರು ಕೆತ್ತಿ ಹೋದ ಗುಡಿ. ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ 'ಹೆಜ್ಜುಂಕ'. ಹಿರಿದು ಸುಂಕ, ಅಂದರೆ ದೊಡ್ಡ ಸರಕಿನ ಮೇಲಿನ ಸುಂಕ. ಎತ್ತಿನ ಮೇಲಿನ ಹೇರಿಗೆ ಇಷ್ಟು, ತಲೆ ಹೊರೆಗೆ ಇಷ್ಟು, ಅಡಿಕೆಗೆ ಇಷ್ಟು, ಮೆಣಸಿಗೆ ಇಷ್ಟು. ಅದನ್ನು ಎತ್ತಲು ಸುಂಕದ ಹೆಗ್ಗಡೆಗಳಿದ್ದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮಾರಾಟ ತೆರಿಗೆ ಮತ್ತು ಟೋಲ್ ಎರಡೂ ಸೇರಿದ ಒಂದು ವಸೂಲಿ.

ಅದರಲ್ಲಿ ಒಂದು ಸಂಗತಿ ಗಮನಿಸಬೇಕು. ಅಯ್ಯಾವೊಳೆಯ ಐನೂರ್ವರಂಥ ವರ್ತಕರ ಸಂಘದವರು ಎಷ್ಟೋ ಕಡೆ ತಾವೇ ಕೂತು, ತಮ್ಮ ಸರಕಿನ ಮೇಲೆ ತಾವೇ ಒಂದು ಸಣ್ಣ ಹೊರೆ ಹಾಕಿಕೊಂಡರು. ಹೇರಿಗೆ ಇಷ್ಟು ಎಂದು ಗೊತ್ತು ಮಾಡಿ, ಅದು ಇಂಥ ದೇವರ ನಂದಾದೀಪಕ್ಕೆ, ಇಂಥ ಕೆರೆಗೆ, ಇಂಥ ಛತ್ರಕ್ಕೆ ಎಂದು ಕಲ್ಲಿನಲ್ಲಿ ಕೊರೆಸಿದರು. ಕೆಡಿಸಿದವನಿಗೆ ಶಾಪವನ್ನೂ ಕೊನೆಗೆ ಸೇರಿಸಿದರು. ಯಾರೂ ಬಂದೂಕು ಹಿಡಿದು ಕೇಳಿರಲಿಲ್ಲ. ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಕಣ್ಣೆದುರೇ ಇತ್ತು, ಸಂಜೆ ದೀಪ ಉರಿದರೆ ಲೆಕ್ಕ ಸರಿ ಇದೆ ಎಂದು ಅರ್ಥ. ರಸ್ತೆಗೆ ಮಾತ್ರ ಆ ಕಾಲದಲ್ಲೂ ಪಾಲು ಕಡಿಮೆ. ದಾರಿ ಅಂದರೆ ಎತ್ತು ನಡೆದದ್ದೇ ದಾರಿ. ದಾರಿಹೋಕರಿಗೆ ಅರವಟ್ಟಿಗೆ, ನೆರಳಿಗೆ ಮರ, ತಂಗಲು ಛತ್ರ, ಇಷ್ಟು ಸಿಕ್ಕರೆ ಪುಣ್ಯ.

ವಿಜಯನಗರ, ಪಾಳೇಗಾರರು, ಹೈದರ್, ಟಿಪ್ಪು ಇವರ ಕಾಲವನ್ನು ನಾವು ಇಲ್ಲಿ ಬಿಟ್ಟು ಮುಂದೆ ಹೋಗುತ್ತೇವೆ. ಸುಂಕದ ವಿಷಯದಲ್ಲಿ ಆದದ್ದು ಒಂದೇ: ಸುಂಕಗಳ ಪಟ್ಟಿ ಉದ್ದವಾಗುತ್ತ ಹೋಯಿತು, ಕಲ್ಲಿನ ಮೇಲಿನ ಲೆಕ್ಕ ಮಾಯವಾಗುತ್ತ ಹೋಯಿತು.

19ನೇ ಶತಮಾನದ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಸುಂಕ ಎತ್ತುವುದು ಇಜಾರದಾರರ ಕೈಯಲ್ಲಿತ್ತು. ಗುತ್ತಿಗೆ ಹಿಡಿದವನು ಸರ್ಕಾರಕ್ಕೆ ಇಷ್ಟು ಕಟ್ಟುತ್ತಾನೆ, ಆಮೇಲೆ ದಾರಿಯಲ್ಲಿ ಸಿಕ್ಕಿದವರಿಂದ ಸಿಕ್ಕಿದಷ್ಟು ಕೀಳುತ್ತಾನೆ. ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಇವತ್ತು ಬಸ್ ಸ್ಟಾಪಿನ ಹೆಸರು, ಹಾಗೆ ಹೆಸರಿನಲ್ಲಿ ಉಳಿದ ಕಟ್ಟೆಗಳು ರಾಜ್ಯದಲ್ಲಿ ಇನ್ನೂ ಇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ನಮ್ಮ ಅಜ್ಜಿಯರ ಬಾಯಲ್ಲಿ ಸುಮ್ಮನೆ ಬಂದಿಲ್ಲ. ಹೆಂಡತಿಗೆ ಹುಷಾರಿಲ್ಲ, ಮಳೆ ಹೋಯಿತು, ಎತ್ತು ಸತ್ತಿತು ಅಂದರೆ ಅವನು ಕೇಳಿಸಿಕೊಳ್ಳುತ್ತಾನೆ. ಕೇಳಿಸಿಕೊಂಡು ಕೈ ಚಾಚುತ್ತಾನೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. 1834ರಿಂದ 1861ರ ತನಕ ಮಾರ್ಕ್ ಕಬ್ಬನ್ ಕಮಿಷನರ್. ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ಸುಂಕಗಳು 769 ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ಲೆಕ್ಕ ಕೊಡುತ್ತದೆ. ಏಳುನೂರ ಅರವತ್ತೊಂಬತ್ತು! ಅದರಲ್ಲಿ ಏನೇನಿತ್ತು ಕೇಳಿ. ಮದುವೆಗೆ ಸುಂಕ. ಮಗು ಹುಟ್ಟಿದರೆ ಸುಂಕ, ಹೆಸರಿಟ್ಟರೆ ಸುಂಕ, ತಲೆಗೂದಲು ತೆಗೆಸಿದರೆ ಸುಂಕ. ಒಂದು ಊರಿನವರು ಒಂದು ವಿಚಿತ್ರ ಸುಂಕ ಕಟ್ಟುತ್ತಿದ್ದರು: ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಹಿರಿಯರು ಅದನ್ನು ಹುಡುಕಿಕೊಡಲಿಲ್ಲವಂತೆ, ಅದಕ್ಕೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದೆ ಬೀಸಿಕೊಂಡು ಹೋದವರಿಗೂ ಸುಂಕ ಬೀಳುತ್ತಿತ್ತು. ಓದಿ ನಗು ಬರುತ್ತದೆ. ಕಟ್ಟಿದವರಿಗೆ ಬಂದಿರಲಿಕ್ಕಿಲ್ಲ.

ಕಬ್ಬನ್ ಸುಂಕ ತೆಗೆದದ್ದು ಮಾತ್ರವಲ್ಲ, ರಸ್ತೆಯನ್ನೂ ಕಟ್ಟಿಸಿದ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಅವನ ಆಡಳಿತದ ಲೆಕ್ಕಕ್ಕೆ ಸೇರುತ್ತವೆ. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಅಲ್ಲಿಯವರೆಗೆ ಹೇರೆತ್ತಿನ ಮೇಲೆ, ಲಂಬಾಣಿಗರ ಸಾಲಿನಲ್ಲಿ ಸಾಗುತ್ತಿದ್ದ ಸರಕು ನಿಧಾನಕ್ಕೆ ಗಾಡಿಗೆ ಏರಿತು. ಆದರೆ ರಸ್ತೆಗಳು ಯಾವ ಕಡೆಗೆ ಹೋದವು ನೋಡಿ. ಬೆಂಗಳೂರಿನಿಂದ ದಂಡಿಗೆ, ಮಂಜರಾಬಾದಿನ ಕಾಫಿ ತೋಟಗಳಿಂದ ಘಾಟಿ ಇಳಿದು ಕರಾವಳಿಗೆ, ಆಡಳಿತದ ಊರಿಂದ ಆಡಳಿತದ ಊರಿಗೆ. ಕೊಟ್ಟವನು ಎಲ್ಲಾ ಕಡೆಯ ರೈತ, ರಸ್ತೆ ಎಳೆದವನ ಕಣ್ಣು ಇದ್ದದ್ದು ಬಂದರಿನ ಕಡೆಗೆ. ಅಡ್ಡದಾರಿಯ ಊರುಗಳಿಗೆ ಮಳೆಗಾಲದಲ್ಲಿ ಅದೇ ಕೆಸರು.

ಅಡ್ಡದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಗೊತ್ತಾಗಲು ಇಪ್ಪತ್ತು ವರ್ಷ ಸಾಕಾಯಿತು. 1876ರಿಂದ 1878ರ ಬರ. ಹಳಬರು ಧಾತು ವರ್ಷದ ಬರ ಅನ್ನುತ್ತಿದ್ದರು. ಆಗ ಮೈಸೂರು ಸೀಮೆಯೊಳಗೆ ರೈಲು ಅಂದರೆ ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರಿಗೆ 1864ರಲ್ಲಿ ಬಂದ ಒಂದು ದಾರಿ, ಅಲ್ಲಿಗೆ ಮುಗಿಯಿತು. ಹೊರಗಿನಿಂದ ಧಾನ್ಯ ಬೆಂಗಳೂರಿನವರೆಗೆ ಬಂತು. ಅಲ್ಲಿಂದ ಒಳನಾಡಿಗೆ ಸಾಗಿಸಲು ಗಾಡಿಗಳಿದ್ದವು, ಎಳೆಯುವ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಸುಮಾರು ಎಂಟೂ ಮುಕ್ಕಾಲು ಲಕ್ಷ ಕುಸಿದಿತ್ತು. ಮಳೆ ಇಲ್ಲದ್ದು ಮೊದಲ ಕಾರಣ, ನಿಜ. ಆದರೆ ಅಕ್ಕಿ ಮೂಟೆ ಒಂದು ಕಡೆ, ಹಸಿದ ಹೊಟ್ಟೆ ಇನ್ನೊಂದು ಕಡೆ, ನಡುವೆ ದಾರಿ ಇಲ್ಲ ಅನ್ನುವುದೂ ಆ ಸಾವುಗಳ ಲೆಕ್ಕದಲ್ಲಿ ಸೇರಿದೆ. ರಸ್ತೆ ಅಂದರೆ ಬರೀ ಓಡಾಟದ ಅನುಕೂಲ ಅಂದುಕೊಂಡವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಆ ಶತಮಾನದ ಎರಡನೇ ಅರ್ಧದಲ್ಲಿ ಇನ್ನೊಂದು ಸಣ್ಣ ವ್ಯವಸ್ಥೆ ಬೆಳೆಯಿತು. ಚರಿತ್ರೆ ಪುಸ್ತಕಗಳಲ್ಲಿ ಅದಕ್ಕೆ ಅರ್ಧ ಪುಟವೂ ಸಿಗುವುದಿಲ್ಲ, ನಮ್ಮ ವಾದಕ್ಕೆ ಮಾತ್ರ ಅದೇ ಮುಖ್ಯ. ಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಸ್ಥಳೀಯ ಸೆಸ್. ಹದಿನಾರಾಣೆಗೆ ಒಂದಾಣೆ, ಅಂದರೆ ಶೇ ಆರೂಕಾಲು. ಈ ಹಣ ರಾಜ್ಯದ ಬೊಕ್ಕಸಕ್ಕಲ್ಲ, ಜಿಲ್ಲೆಯ ಸ್ಥಳೀಯ ನಿಧಿಗೆ. ಅದರಿಂದ ಜಿಲ್ಲೆಯೊಳಗಿನ ಸಣ್ಣ ರಸ್ತೆ, ಮೋರಿ, ಮುಸಾಫಿರಖಾನೆ. ಒಂದು ಪಾಲು ಹೋಬಳಿ ಶಾಲೆಗಳಿಗೆ. 1902ರಲ್ಲಿ ಸ್ಥಳೀಯ ಬೋರ್ಡುಗಳ ಕಾನೂನು ಬಂದ ಮೇಲೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಅದನ್ನು ನೋಡಿಕೊಂಡವು. ಬೋರ್ಡಿನಲ್ಲಿ ಅಧಿಕಾರಿಗಳೇ ಹೆಚ್ಚು, ದೊಡ್ಡ ಜಮೀನುದಾರರದೇ ಮಾತು, ಅದೆಲ್ಲ ಇತ್ತು. ಆದರೂ ಹಣ ಜಿಲ್ಲೆಯದು. ಮೋರಿ ಕುಸಿದರೆ ಯಾರ ಬಾಗಿಲು ತಟ್ಟಬೇಕು ಎಂದು ಜನಕ್ಕೆ ಗೊತ್ತಿತ್ತು.

ಬರದ ಪಾಠ ಕಲಿತ ಸಂಸ್ಥಾನ ರೈಲಿಗೆ ಕೈ ಹಾಕಿತು. ಬೆಂಗಳೂರು–ಮೈಸೂರು ದಾರಿ 1882ಕ್ಕೆ ಮುಗಿಯಿತು. ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರದ ಮೇಲೆ ಹರಿಹರಕ್ಕೆ ಹೋಗುವ ದಾರಿ 1889ರಲ್ಲಿ ಪೂರ್ತಿಯಾಯಿತು. ಇದಕ್ಕೆ ಲಂಡನ್ನಿನಲ್ಲಿ ಸಾಲ ಎತ್ತಲಾಯಿತು, ನಡೆಸುವ ಕೆಲಸ ಸದರ್ನ್ ಮರಾಠಾ ಕಂಪನಿಗೆ. ಈ ಒಂದು ದಾರಿಯಿಂದ ನಮ್ಮ ಸೀಮೆಯ ದಿಕ್ಕೇ ಬದಲಾಯಿತು. ಕೊಬ್ಬರಿ, ತೆಂಗಿನಕಾಯಿ ತಿಪಟೂರು, ಅರಸೀಕೆರೆಯ ಕಡೆ ಹರಿಯಲು ಶುರುವಾದದ್ದು ಸುಮ್ಮನೆ ಅಲ್ಲ. ಹಳೇಬೀಡಿನ ಗುಡಿ ನೋಡಲು ಬರುವ ಆ ಕಾಲದ ಪ್ರವಾಸಿಗಳು ಬಾಣಾವರದಲ್ಲಿ ಇಳಿದು, ಎತ್ತಿನ ಗಾಡಿ ಮಾಡಿಕೊಂಡು ಜಾವಗಲ್ ಮೇಲೆ ಹೋಗುತ್ತಿದ್ದರು. ಇವತ್ತು ಜಾವಗಲ್ಲಿಗೆ 'ದಾರಿಯಲ್ಲಿ ಸಿಗುವ ಊರು' ಎನ್ನುವ ಹೆಸರಿದ್ದರೆ ಅದರ ಬೇರು ಅಲ್ಲಿದೆ.

ಸಾಲದ ರೈಲು ಒಂದು ಬಗೆ. ಜನ ತಾವೇ ಸೆಸ್ ಕಟ್ಟಿ ಹಾಕಿಸಿಕೊಂಡ ರೈಲು ಇನ್ನೊಂದು ಬಗೆ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ತಂಜಾವೂರು ಜಿಲ್ಲಾ ಬೋರ್ಡು ರೂಪಾಯಿಗೆ ಮೂರು ಪೈ ಲೆಕ್ಕದಲ್ಲಿ ಸೆಸ್ ಎತ್ತಿ ಕೂಡಿಹಾಕಿ, 1894ರಲ್ಲಿ ಮಾಯಾವರಂನಿಂದ ಮುತ್ತುಪೇಟೆಗೆ ರೈಲು ಓಡಿಸಿತು. ರೂಪಾಯಿಗೆ 192 ಪೈ ಇದ್ದ ಕಾಲ, ಮೂರು ಪೈ ಅಂದರೆ ಅರುವತ್ತನಾಲ್ಕರಲ್ಲಿ ಒಂದು ಪಾಲು. ರೈಲಿನಿಂದ ಬಂದ ಲಾಭವೂ ಬೋರ್ಡಿಗೇ. ಅದನ್ನು ನೋಡಿ ಬೇರೆ ಜಿಲ್ಲಾ ಬೋರ್ಡುಗಳೂ ಆಸೆಪಟ್ಟವು. ಮೈಸೂರಿನಲ್ಲಿ ಕೋಲಾರ ಮುಂದೆ ಬಂತು. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಸಣ್ಣ ಗೇಜಿನ ರೈಲು ಬಂತು, ಕೆಲವೇ ವರ್ಷದಲ್ಲಿ ಅದು ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ ಮುಟ್ಟಿತು. ಸಂಸ್ಥಾನದ ಜೊತೆ ಕೋಲಾರದ ಜಿಲ್ಲಾ ಬೋರ್ಡೂ ಕೈ ಸೇರಿಸಿದ ದಾರಿ ಅದು. ಆಟಿಕೆಯಂಥ ರೈಲು, ಓಡಿದರೂ ನಿಧಾನ. ಆದರೆ ಚಿನ್ನದ ಗಣಿ ಇದ್ದ ಜಿಲ್ಲೆಯಲ್ಲಿ ರಾಗಿ ಬೆಳೆಯುವ ತಾಲ್ಲೂಕುಗಳಿಗೂ ರೈಲು ಬೇಕು ಎಂದು ಕೇಳಲು ಒಂದು ಬೋರ್ಡು, ಅದರ ಕೈಯಲ್ಲಿ ಒಂದಷ್ಟು ಹಣ ಇತ್ತು.

ಮೈಸೂರು–ಹಾಸನ–ಅರಸೀಕೆರೆ ದಾರಿ 1918ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷದಲ್ಲಿ ತೆರೆಯಿತು. ಅರಸೀಕೆರೆ ಜಂಕ್ಷನ್ ಆಯಿತು. ಇಲ್ಲಿಯವರೆಗೆ ನಮ್ಮ ಜಿಲ್ಲೆ ಓಡುತ್ತಲೇ ಇತ್ತು ಅನ್ನಬಹುದು. ಹಾಸನ–ಮಂಗಳೂರು ದಾರಿಗೆ 1979ರ ತನಕ ಕಾಯಬೇಕಾಯಿತು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅದು ಬೇಲೂರಿಗೆ ಇನ್ನೂ ಬಂದಿಲ್ಲ.

ರೈಲಿನ ಜೊತೆಗೇ ಮೋಟಾರು ಬಂತು. 1927ರಲ್ಲಿ ನೇಮಕವಾದ ಎಂ.ಆರ್. ಜಯಕರ್ ಸಮಿತಿ ಒಂದು ಸಲಹೆ ಕೊಟ್ಟಿತು: ಪೆಟ್ರೋಲ್ ಮೇಲೆ ಹೆಚ್ಚುವರಿ ಸುಂಕ ಹಾಕಿ, ಅದನ್ನು ರಸ್ತೆಗೇ ಇಡಿ. 1929ರಲ್ಲಿ ಗ್ಯಾಲನ್ನಿಗೆ ಎರಡಾಣೆ ಸೇರಿತು, ರಸ್ತೆ ನಿಧಿ ಹುಟ್ಟಿತು. ರಸ್ತೆ ಬಳಸುವವನು ರಸ್ತೆಗೆ ಕೊಡಲಿ ಅನ್ನುವ ಈ ತತ್ವ ಭಾರತಕ್ಕೆ ಹೊಸದಲ್ಲ ಎಂದು ನೆನಪಿಟ್ಟುಕೊಳ್ಳಿ, ಇದಕ್ಕೆ ನೂರು ವರ್ಷ ಆಗುತ್ತ ಬಂತು.

ಈಗ 1948ಕ್ಕೆ ಬನ್ನಿ. ಆ ವರ್ಷ ಮೈಸೂರಿನಲ್ಲಿ ಎರಡು ಹೊಸ ವಸ್ತು ಹುಟ್ಟಿದವು, ಎರಡನ್ನೂ ಒಟ್ಟಿಗೆ ನೆನೆಯುವವರು ಕಡಿಮೆ. ಒಂದು, ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದ ಸರ್ಕಾರಿ ಸಾರಿಗೆ ಇಲಾಖೆ, ಇವತ್ತಿನ ಕೆಎಸ್‌ಆರ್‌ಟಿಸಿಯ ಅಜ್ಜ. ಇನ್ನೊಂದು, ಮೈಸೂರು ಮಾರಾಟ ತೆರಿಗೆ ಕಾಯ್ದೆ. ಬಸ್ಸನ್ನು ಜನ ಪ್ರೀತಿಸಿದರು, ತೆರಿಗೆಯನ್ನು ಬೈದರು. ಏಕೀಕರಣದ ನಂತರ 1957ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯ್ದೆ ಬಂತು. ವ್ಯಾಟ್ ಬಂತು 2005ರಲ್ಲಿ, ಜಿಎಸ್‌ಟಿ ಬಂತು 2017ರಲ್ಲಿ, ಆದರೂ ಆ 1957ರ ಕಾಯ್ದೆ ಸತ್ತಿಲ್ಲ. ನಿಮ್ಮ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ನೀವು ಕಟ್ಟುವ ಮಾರಾಟ ತೆರಿಗೆ ಇವತ್ತಿಗೂ ಅದೇ ಕಾಯ್ದೆಯ ಪ್ರಕಾರ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯ ತನ್ನ ಇಷ್ಟದಂತೆ ಏರಿಸಲು, ಇಳಿಸಲು ಉಳಿದಿರುವ ಕೆಲವೇ ತೆರಿಗೆಗಳಲ್ಲಿ ಇದೊಂದು. 2021ರ ನವೆಂಬರಿನಲ್ಲಿ ಲೀಟರಿಗೆ ಏಳು ರೂಪಾಯಿ ಇಳಿಸಿದ್ದೂ ಹೀಗೇ, ಆಮೇಲೆ ಏರಿಸಿದ್ದೂ ಹೀಗೇ.

ಮಾರಾಟ ತೆರಿಗೆ ದೊಡ್ಡದಾಗುತ್ತಿದ್ದ ಹೊತ್ತಿನಲ್ಲೇ ಜಿಲ್ಲೆಯ ಜೇಬು ಹೋಯಿತು. 1959ರ ಪಂಚಾಯಿತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆ ತಾಲ್ಲೂಕು ಬೋರ್ಡುಗಳನ್ನು ಉಳಿಸಿ ಜಿಲ್ಲಾ ಬೋರ್ಡನ್ನು ತೆಗೆದುಹಾಕಿತು. ಅದರ ಜಾಗಕ್ಕೆ ಬಂದ ಜಿಲ್ಲಾ ಅಭಿವೃದ್ಧಿ ಪರಿಷತ್ತು ಬರೀ ಸಲಹೆ ಕೊಡುವ ಸಭೆ. 1983ರ ಕಾಯ್ದೆಯಿಂದ, ನಜೀರ್ ಸಾಬ್ ಅವರ ಉತ್ಸಾಹದಿಂದ, 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಅಧಿಕಾರ ಬಂತು, ಅನುದಾನ ಬಂತು. ತೆರಿಗೆ ಹಾಕುವ ಹಕ್ಕು ಮರಳಿ ಬರಲಿಲ್ಲ. 1993ರ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗೆ ಮನೆ ಕಂದಾಯ, ಸಂತೆ ಸುಂಕ, ಬಸ್ ನಿಲ್ದಾಣದ ಶುಲ್ಕ ಇಂಥವು ಸಿಕ್ಕವು. ಜಿಲ್ಲಾ ಪಂಚಾಯಿತಿಗೆ ಸ್ವಂತ ಎಂದು ಹೇಳಿಕೊಳ್ಳುವಂಥ ತೆರಿಗೆ ಇಲ್ಲ. ಒಂದಾಣೆ ಸೆಸ್ಸಿನ ಕಾಲದ ಜಿಲ್ಲಾ ಬೋರ್ಡಿಗಿದ್ದ ಸ್ವಂತ ಜೇಬು ಇವತ್ತಿನ ಜಿಲ್ಲಾ ಪಂಚಾಯಿತಿಗೆ ಇಲ್ಲ ಅನ್ನುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಪಟ್ಟಣಗಳಿಗೆ ಆಕ್ಟ್ರಾಯ್ ಇತ್ತು, ಅದೂ 1979ರಲ್ಲಿ ಹೋಯಿತು. ಹೋದದ್ದು ಒಳ್ಳೆಯದೇ. ಊರ ಬಾಗಿಲಲ್ಲಿ ನಾಕಾ ಹಾಕಿ ಲಾರಿ, ಗಾಡಿ ತಡೆದು ನಿಲ್ಲಿಸುವುದು ಹಳೇ ಸುಂಕದ ಕಟ್ಟೆಯ ಮೊಮ್ಮಗ. ಬದಲಿಗೆ ಪ್ರವೇಶ ತೆರಿಗೆ ಬಂತು, ಅದು ರಾಜ್ಯಕ್ಕೆ ಹೋಗಿ ಅಲ್ಲಿಂದ ಅನುದಾನವಾಗಿ ಬರಬೇಕಾಯಿತು. ತಡೆ ಹೋಯಿತು, ಜೊತೆಗೆ ಸ್ಥಳೀಯ ಲೆಕ್ಕವೂ ಹೋಯಿತು.

ಇಷ್ಟೆಲ್ಲ ಕೇಳಿದವರು ಒಂದು ಮಾತು ಹೇಳಬಹುದು: ಜಿಲ್ಲೆಗೊಂದು ಮಾರಾಟ ತೆರಿಗೆ ಎಲ್ಲಾದರೂ ಉಂಟೇ? ಉಂಟು, ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರಿಗೆ ನಗರ ರೈಲು ಬೇಕು ಎಂದು 1994ರಲ್ಲಿ ಒಂದು ಕಂಪನಿ ಮಾಡಿದರು, ಅದಕ್ಕೆ ಹಣ ಹೊಂದಿಸಲು ಬೆಂಗಳೂರಿನಲ್ಲಿ ಮಾರಾಟ ತೆರಿಗೆ ಮುಂತಾದವುಗಳ ಮೇಲೆ ಪ್ರತ್ಯೇಕ ಸೆಸ್ ಹಾಕಿದರು. ಮೊದಲ ಯೋಜನೆ ಕೂಡಿಬರಲಿಲ್ಲ, ಹಣ ಮುಂದೆ ಮೆಟ್ರೋ ಕಡೆಗೆ ತಿರುಗಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಬೆಂಗಳೂರಿಗೆ ಆದರೆ ಅದು ಮೂಲಸೌಕರ್ಯ, ಬಾಣಾವರ–ಜಾವಗಲ್‌ಗೆ ಕೇಳಿದರೆ ಅದು ದುರಾಸೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆದುಕೊಳ್ಳುವುದು ಮಾತ್ರ ಹಾಗೇ. ಹೊಸ ಗಾಡಿ ಕೊಳ್ಳುವಾಗ ಆಜೀವ ತೆರಿಗೆಯ ಮೇಲೆ ಶೇ 11 ಸೆಸ್ ಕಟ್ಟುತ್ತೀರಲ್ಲ, ರಸೀದಿ ತೆಗೆದು ನೋಡಿ. ಇಂಥ ಮೂಲಸೌಕರ್ಯ ಸೆಸ್ಸಿನ ಹಣದಲ್ಲಿ ಒಂದು ಪಾಲು ಬೆಂಗಳೂರಿನ ಮೆಟ್ರೋ ನಿಧಿಗೆ ಎಂದು ಗೊತ್ತು ಮಾಡಿದ್ದರು, ಅದಕ್ಕಿಂತ ಚಿಕ್ಕ ಪಾಲು ಮುಖ್ಯಮಂತ್ರಿಗಳ ಗ್ರಾಮೀಣ ರಸ್ತೆ ನಿಧಿಗೆ. ಅರಸೀಕೆರೆಯಲ್ಲಿ ಸ್ಕೂಟರ್ ಕೊಂಡವರೂ ಮೆಟ್ರೋಗೆ ಕಾಸು ಹಾಕಿದ್ದಾರೆ. ಹಾಕಿದ್ದಕ್ಕೆ ನಮ್ಮ ತಕರಾರಿಲ್ಲ, ನಮ್ಮ ಮಕ್ಕಳೂ ಅದರಲ್ಲಿ ಓಡಾಡುತ್ತಾರೆ.

ಹಳ್ಳಿ ರಸ್ತೆಗೂ ಇದೇ ದಾರಿಯಲ್ಲಿ ಒಳ್ಳೆಯದಾಗಿದೆ. 1998ರಲ್ಲಿ ಪೆಟ್ರೋಲಿಗೆ, 1999ರಲ್ಲಿ ಡೀಸೆಲ್‌ಗೆ ಲೀಟರಿಗೆ ಒಂದು ರೂಪಾಯಿ ಕೇಂದ್ರ ಹಾಕಿತು. 2000ದಲ್ಲಿ ಕಾಯ್ದೆಯಾಗಿ, ಡೀಸೆಲ್ ಸೆಸ್ಸಿನ ಅರ್ಧ ಹಳ್ಳಿ ರಸ್ತೆಗೇ ಎಂದು ಬರೆದಿಟ್ಟರು. ಆ ವರ್ಷದ ಡಿಸೆಂಬರ್ 25ರಂದು ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲುಸೀಮೆಯಲ್ಲಿ 500 ಜನ ಇರುವ ಊರಿಗೆ ಎಲ್ಲಾ ಕಾಲದಲ್ಲೂ ಓಡಾಡುವ ರಸ್ತೆ ಅನ್ನುವುದು ಗುರಿ. ಆ ರಸ್ತೆ ಶುರುವಾಗುವ ಕಡೆ ಒಂದು ಫಲಕ ನಿಲ್ಲಿಸುತ್ತಾರೆ: ಉದ್ದ ಇಷ್ಟು, ಖರ್ಚು ಇಷ್ಟು, ಗುತ್ತಿಗೆದಾರ ಇಂಥವರು, ಐದು ವರ್ಷ ನಿರ್ವಹಣೆ ಅವರದೇ. ನಾವು ಸುದ್ದಿಗೆಂದು ಹೋದ ಎಷ್ಟೋ ಹಳ್ಳಿಗಳಲ್ಲಿ, ಓದಲು ಬಾರದ ಹಿರಿಯರು ಕೂಡ ಮೊಮ್ಮಕ್ಕಳಿಂದ ಓದಿಸಿ ಆ ಫಲಕದ ಲೆಕ್ಕ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಗುಂಡಿ ಬಿದ್ದರೆ ಇನ್ನೂ ಐದು ವರ್ಷ ಆಗಿಲ್ಲ ಸ್ವಾಮಿ ಅನ್ನುತ್ತಾರೆ. ಹೊಯ್ಸಳರ ಕಾಲದ ಕಲ್ಲು ಮಾಡುತ್ತಿದ್ದ ಕೆಲಸವನ್ನೇ ಈ ತಗಡಿನ ಫಲಕ ಮಾಡುತ್ತಿದೆ.

ವಿರೋಧದ ಮಾತುಗಳನ್ನೂ ಕೇಳಬೇಕು. ಮಾರಾಟ ತೆರಿಗೆ ಬಡವ ಬಲ್ಲಿದ ನೋಡುವುದಿಲ್ಲ ಅನ್ನುತ್ತಾರೆ. ಸರಿಯಾದ ಮಾತು. ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಎರಡು ಲೀಟರ್ ಹಾಕಿಸುವ ಬೈಕಿನವನಿಗೆ ಐವತ್ತು ಪೈಸೆಯಂತೆ ವಾರಕ್ಕೆ ಒಂದು ರೂಪಾಯಿ, ವರ್ಷಕ್ಕೆ 52. ತಿಂಗಳಿಗೆ ನೂರು ಲೀಟರ್ ಉರಿಸುವ ಟ್ರ್ಯಾಕ್ಟರಿಗೆ ತಿಂಗಳಿಗೆ 50, ವರ್ಷಕ್ಕೆ 600. ಬೈಕಿನ 52 ರೂಪಾಯಿ ಒಂದು ಪಂಕ್ಚರಿನ ಖರ್ಚೂ ಅಲ್ಲ. ಟ್ರ್ಯಾಕ್ಟರಿನ 600 ಸಣ್ಣ ರೈತನಿಗೆ ಹಗುರವಲ್ಲ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಕೆಟ್ಟ ರಸ್ತೆಯೂ ತೆರಿಗೆಯೇ, ರಸೀದಿ ಕೊಡದ ತೆರಿಗೆ. ಟೈರಿನಲ್ಲಿ ಕಟ್ಟುತ್ತೇವೆ, ಬೆನ್ನು ನೋವಿನಲ್ಲಿ ಕಟ್ಟುತ್ತೇವೆ, ನಮ್ಮ ಕಡೆ ಲಾರಿ ಬರುವುದಿಲ್ಲ ಎಂದು ವ್ಯಾಪಾರಿ ಕಾಯಿಗೆ ಕಡಿಮೆ ದರ ಹೇಳಿದಾಗ ಕಟ್ಟುತ್ತೇವೆ. ಸಂಜೆ ಬಸ್ಸಿಲ್ಲದ ಊರಿನ ಹೆಣ್ಣುಮಗಳು ಪದವಿಗೆ ಸೇರದೆ ಉಳಿದಾಗ ಕಟ್ಟುವುದು ಎಷ್ಟು ಎಂದು ಯಾವ ಕಾಯ್ದೆಯಲ್ಲೂ ದರ ಇಲ್ಲ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತ. ಟಿಕೆಟ್ ಉಚಿತವಾದರೂ ಬಸ್ಸೇ ಬಾರದ ಊರಿಗೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ನಮಗೂ ಗಟ್ಟಿ ಅನ್ನಿಸುತ್ತದೆ. ಹಾಸನ ಜಿಲ್ಲೆಗೆ ಮಾತ್ರ ಹಾಕಿದರೆ ಅರಸೀಕೆರೆಯ ಲಾರಿಗಳು ತಿಪಟೂರಿನಲ್ಲಿ, ಬಾಣಾವರದವರು ಕಡೂರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ಆದ್ದರಿಂದ ಇದು ಒಂದು ಜಿಲ್ಲೆಯ ಮಾತಾಗದೆ ಹಾಸನ, ಚಿಕ್ಕಮಗಳೂರು, ತುಮಕೂರು ಮೂರೂ ಸೇರಿ ಮಾಡಿಕೊಳ್ಳಬೇಕಾದ ಕೆಲಸ. ದಾರಿಗೂ ಜಿಲ್ಲೆಯ ಗಡಿ ಗೊತ್ತಿಲ್ಲ. ಬೇಲೂರು–ಹಳೇಬೀಡು–ಜಾವಗಲ್–ಬಾಣಾವರ ರಸ್ತೆ ಮಂಗಳೂರಿನಿಂದ ಘಾಟಿ ಹತ್ತಿ ಬರುವ ಹೆದ್ದಾರಿಯದೇ ಭಾಗ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪ್ರಪಂಚವೇ ಬರುವ ದಾರಿ ಅನ್ನುತ್ತಾರೆ. ಬರಲಿ. ಹಳೇಬೀಡಿನ ನಂತರದ ತಿರುವಿನಲ್ಲಿ ಶಾಲೆ ಮಕ್ಕಳೂ ಬಸ್ಸಿಗೆ ಕಾಯುತ್ತಿರುತ್ತಾರೆ, ಅವರಿಗೊಂದು ನೆರಳಿನ ನಿಲ್ದಾಣವೂ ಆಗಲಿ.

ಹಣ ಯಾರ ಕೈಗೆ ಅನ್ನುವುದೇ ಕಷ್ಟದ ಪ್ರಶ್ನೆ. ಜಿಲ್ಲಾ ಪಂಚಾಯಿತಿಗೆ ಎನ್ನೋಣ ಎಂದರೆ, 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆಯೇ ಆಗಿಲ್ಲ, ಅಧಿಕಾರಿಗಳದೇ ಆಡಳಿತ. ಚುನಾಯಿತ ಸದಸ್ಯರಿಲ್ಲದ ಸಂಸ್ಥೆಗೆ ತೆರಿಗೆಯ ಹಣ ಕೊಡಿ ಎಂದು ನಾವು ಹೇಳಲಾರೆವು. ಮೊದಲು ಚುನಾವಣೆ, ಆಮೇಲೆ ಸೆಸ್, ಈ ಸಾಲು ತಪ್ಪಬಾರದು.

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯವರು ಇದನ್ನು ಬೇರೆ ರೀತಿ ಮಾಡುತ್ತಾರೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 2008ರಲ್ಲಿ ಮಾರಾಟ ತೆರಿಗೆಯನ್ನು ಡಾಲರಿಗೆ ಅರ್ಧ ಸೆಂಟ್ ಏರಿಸಿ, 30 ವರ್ಷ ಬಸ್ಸು, ರೈಲು, ರಸ್ತೆಗೆ ಇಡೋಣವೇ ಎಂದು ಜನರನ್ನೇ ಮತ ಕೇಳಿದರು. ಯಾವ ಯಾವ ಕಾಮಗಾರಿ ಎಂಬ ಪಟ್ಟಿ ಮೊದಲೇ ಕೈಗೆ ಕೊಟ್ಟಿದ್ದರು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸಿಕ್ಕಿತು. 2012ರಲ್ಲಿ ಅದನ್ನು ಇನ್ನಷ್ಟು ವರ್ಷ ಮುಂದುವರಿಸಲು ಕೇಳಿದಾಗ ಕೂದಲೆಳೆಯಲ್ಲಿ ಸೋತರು, ಶೇ 66.67 ಬೇಕಿದ್ದ ಕಡೆ ಶೇ 66.11 ಬಂತು. ಸೋತ ಮೇಲೆ ಪಟ್ಟಿ ತಿದ್ದಿಕೊಂಡು 2016ರಲ್ಲಿ ಮತ್ತೆ ಬಂದರು, ಆಗ ಗೆದ್ದರು. ತೆರಿಗೆ ಏರಿಸಿ ಎಂದು ಜನ ತಾವೇ ಮತ ಹಾಕುತ್ತಾರೆಯೇ ಎಂದು ನಗುವವರಿಗೆ ಇದನ್ನು ಹೇಳಬೇಕು.

ನಮ್ಮಲ್ಲಿ ಅಂಥ ಮತದಾನಕ್ಕೆ ಕಾಯ್ದೆ ಇಲ್ಲ. ಗ್ರಾಮಸಭೆ ಇದೆ, ಪಂಚಾಯಿತಿ ಲೆಕ್ಕವನ್ನು ಊರ ಮುಂದೆ ಬಿಚ್ಚುವ ಜಮಾಬಂದಿ ಇದೆ. ಸೆಸ್ಸಿನ ಪಟ್ಟಿ ಗ್ರಾಮಸಭೆಗಳಿಂದ ಮೇಲಕ್ಕೆ ಹೋಗಲಿ, ಖರ್ಚಿನ ಲೆಕ್ಕ ಜಮಾಬಂದಿಯಲ್ಲಿ ಕೆಳಕ್ಕೆ ಬರಲಿ. ಹತ್ತು ವರ್ಷಕ್ಕೆ ಮುಗಿಯುತ್ತದೆ ಎಂದು ಕಾಯ್ದೆಯಲ್ಲೇ ಬರೆಯಲಿ, ಮುಂದುವರಿಸಬೇಕಾದರೆ ಮತ್ತೆ ಬಂದು ಕೇಳಲಿ. ಅರ್ಧ ಹಣ ರಸ್ತೆಗೆ, ಅರ್ಧ ಬಸ್ಸಿಗೆ ಅನ್ನುವುದು ನಮ್ಮ ಅಭಿಪ್ರಾಯ. ಬಸ್ಸಿಗೆ ಮುಕ್ಕಾಲು ಬೇಕು ಅನ್ನುವವರೂ ನಮ್ಮ ಗುಂಪಿನಲ್ಲೇ ಇದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ.

ಇದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. ತಿದ್ದುಪಡಿ ಆಗಬೇಕಾದ್ದು 1957ರ ಆ ಹಳೇ ಕಾಯ್ದೆಗೆ, ಅದು ವಿಧಾನಸಭೆಯ ಕೈಯಲ್ಲಿದೆ. ಮುಂದಿನ ಗ್ರಾಮಸಭೆಗೆ ಹೋಗುವವರು ನಡಾವಳಿಯಲ್ಲಿ ಇದನ್ನು ಬರೆಸಿ, ಒಂದು ಪ್ರತಿ ಶಾಸಕರಿಗೆ ಕಳಿಸಿ, ಇನ್ನೊಂದು ಪ್ರತಿಯ ಫೋಟೋ ನಮಗೆ ಕಳಿಸಿ. ಯಾವ ಯಾವ ಊರು ಯಾವ ಯಾವ ರಸ್ತೆ ಕೇಳಿದೆ ಎಂಬ ಪಟ್ಟಿಯನ್ನು ನಾವು ಇಲ್ಲೇ ಹಾಕುತ್ತಾ ಹೋಗುತ್ತೇವೆ.